ದೌಲತರಾಯರ ಭಾರಲೋಹ

ಆಳಂದದ ದೌಲತರಾಯರಿಗೆ ಸಿಟ್ಟು ಬರುತ್ತಿತ್ತು ಎಂದರೆ ಅದು ತಪ್ಪು ಮಾಹಿತಿ. ಬರಬೇಕಾದರೆ ಅದು ಮೊದಲು ಎಲ್ಲಿಗಾದರೂ ಹೋಗಿರಬೇಕಲ್ಲ? ಅವರ ಸಿಟ್ಟು ಮೂಗಿನ ತುದಿ ಬಿಟ್ಟು ಕದಲಿದ್ದನ್ನು ಕಂಡವರೇ ಇರಲಿಲ್ಲ. ಚಹಾ ಬಿಸಿಯಾಗಿದ್ದರೆ ನಾಲಿಗೆ ಸುಟ್ಟಿತೆಂದು ಸಿಟ್ಟು, ಆರಿದ್ದರೆ ತಮ್ಮನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲವೆಂದು ಸಿಟ್ಟು, ಹದವಾಗಿದ್ದರೆ ಇಷ್ಟು ವರ್ಷ ಯಾಕೆ ಹೀಗೆ ಮಾಡಲಿಲ್ಲವೆಂದು ಇನ್ನಷ್ಟು ಸಿಟ್ಟು. ಹೆಂಡತಿ ಸುಭದ್ರಾಬಾಯಿ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇದಕ್ಕೆ ಕಂಡುಕೊಂಡಿದ್ದ ಉಪಾಯ ಒಂದೇ. ಅವರಿಗಿಂತ ಮೊದಲು ತಾನೇ ಸಿಟ್ಟಾಗಿಬಿಡುವುದು.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ದೌಲತರಾಯರದೊಂದು ಕ್ರೋಮ್ ಕಾರ್ಖಾನೆ. ಕಾರ್ಖಾನೆ ಎಂದರೆ ಒಂದು ತಗಡಿನ ಶೆಡ್ಡು, ಮೂರು ತೊಟ್ಟಿ, ಒಂದು ಕರೆಂಟಿನ ಪೆಟ್ಟಿಗೆ. ತುಕ್ಕು ಹಿಡಿದ ಸೈಕಲ್ ಹ್ಯಾಂಡಲ್ಲು, ಮೋಟಾರ್ ಸೈಕಲ್ಲಿನ ಸೈಲೆನ್ಸರು, ಟ್ರ್ಯಾಕ್ಟರಿನ ಪಟ್ಟಿ ಎಲ್ಲ ಒಂದು ಕಡೆಯಿಂದ ಒಳಗೆ ಹೋಗಿ, ತೊಟ್ಟಿಯಲ್ಲಿ ಕರೆಂಟು ಕುಡಿದು, ಇನ್ನೊಂದು ಕಡೆಯಿಂದ ಕನ್ನಡಿಯಂತೆ ಹೊಳೆಯುತ್ತ ಹೊರಬರುತ್ತಿದ್ದವು. ಈ ಕೆಲಸವನ್ನೆಲ್ಲ ಮಾಡುತ್ತಿದ್ದವನು ಚಾಂದಪಾಶಾ. ಸೊಲ್ಲಾಪುರದ ದೊಡ್ಡ ಕಾರ್ಖಾನೆಯೊಂದರಲ್ಲಿ ಕಸುಬು ಕಲಿತು ಬಂದ ಅವನು ಹನ್ನೆರಡು ವರ್ಷದಿಂದ ಇಲ್ಲಿ ದುಡಿಯುತ್ತಿದ್ದ. ದೌಲತರಾಯರು ಮಾಡುತ್ತಿದ್ದದ್ದು, ಹೊಳೆಯುವ ಹ್ಯಾಂಡಲ್ಲನ್ನು ಉಗುರಿನಿಂದ ಟಣ್ ಎನ್ನಿಸಿ, ಕಿವಿಗೊಟ್ಟು ಕೇಳಿ, "ಹೂಂ" ಎನ್ನುವುದು. ಆ "ಹೂಂ"ಕಾರದ ಬಲದ ಮೇಲೆ ಅವರು ಶೆಡ್ಡಿನ ಬಾಗಿಲಿಗೆ ಎರಡು ಮೊಳದ ಕಬ್ಬಿಣದ ಬೋರ್ಡು ಹಾಕಿಸಿದ್ದರು. ಮೇಲೆ ಸಣ್ಣ ಅಕ್ಷರದಲ್ಲಿ "ದೌಲತ್ ಕ್ರೋಮ್ ವರ್ಕ್ಸ್", ಕೆಳಗೆ ದೊಡ್ಡ ಅಕ್ಷರದಲ್ಲಿ "ಲೋಹತಜ್ಞ". ಆ ಬಿರುದು ಕೊಟ್ಟವರು ಯಾರೆಂದು ಒಬ್ಬಿಬ್ಬರು ಕೇಳಿದ್ದುಂಟು. ಕೇಳಿದವರು ಎರಡನೇ ಸಲ ಕೇಳಲಿಲ್ಲ.

ಎಂಬತ್ತೇಳನೇ ಇಸವಿಯ ಚಳಿಗಾಲದಲ್ಲಿ ಒಂದು ಸೋಮವಾರ ಗುಲಬರ್ಗಾದ ಮಾಲಿನ್ಯ ನಿಯಂತ್ರಣ ಆಫೀಸಿನಿಂದ ರಿಜಿಸ್ಟರ್ ಕಾಗದ ಬಂತು. ಆಗ ಅಲ್ಲಿ ಚಹಾ ಕುಡಿಯುತ್ತ ಕುಳಿತಿದ್ದವನು ಎದುರು ಮನೆಯ ಪೀರಪ್ಪ. ತಹಸೀಲ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕುಳಿತು ಊರ ಮಂದಿಗೆ ಅರ್ಜಿ ಬರೆದುಕೊಡುವುದು ಅವನ ಉದ್ಯೋಗ. ಸರ್ಕಾರಿ ಭಾಷೆಯ ಮರ್ಮ ತನಗೆ ಮಾತ್ರ ಗೊತ್ತು ಎಂಬುದು ಅವನ ನಂಬಿಕೆ. ಕಾಗದದಲ್ಲಿ ಇದ್ದದ್ದು ಇಷ್ಟು: "ನಿಮ್ಮ ಕಾರ್ಖಾನೆಯಿಂದ ಹೊರಹೋಗುವ ತ್ಯಾಜ್ಯಜಲದಲ್ಲಿನ ಭಾರಲೋಹಗಳನ್ನು ವಿದ್ಯುತ್ ರಾಸಾಯನಿಕ ಸಂಸ್ಕರಣೆಯ ಮೂಲಕ ಮೂವತ್ತು ದಿನಗಳೊಳಗಾಗಿ ತೆಗೆದುಹಾಕತಕ್ಕದ್ದು. ತಪ್ಪಿದಲ್ಲಿ ವಿದ್ಯುತ್ ಸಂಪರ್ಕ ಕಡಿತಗೊಳಿಸಲಾಗುವುದು."

"ಪೂರಾ ಓದೂದು ಬ್ಯಾಡ್ರಿ," ಎಂದ ಪೀರಪ್ಪ ಚಷ್ಮಾ ಒರೆಸುತ್ತ. "ಸರ್ಕಾರಿ ಕಾಗದದ್ದು ತಲಿ ನೋಡಬೇಕು, ಬಾಲ ನೋಡಬೇಕು. ನಡುವಿಂದು ಟೈಪಿಸ್ಟನ ಹೊಟ್ಟಿಪಾಡು. ಕೇಳ್ರಿ. ನಿಮ್ಮ ಕಾರ್ಖಾನೆ... ಭಾರಲೋಹ... ತೆಗೆದುಹಾಕತಕ್ಕದ್ದು... ಇಲ್ಲಂದ್ರ ಕರೆಂಟ್ ಕಟ್. ಮುಗೀತು!"

"ಭಾರಲೋಹ ಅಂದ್ರ..." ಎಂದು ದೌಲತರಾಯರು ಬಾಯಿ ತೆರೆದರು.

"ಅದನ್ನ ನೀವು ಹೇಳಬೇಕ್ರಿ," ಎಂದ ಪೀರಪ್ಪ, ಬಾಗಿಲ ಮೇಲಿನ ಬೋರ್ಡನ್ನು ಭಕ್ತಿಯಿಂದ ನೋಡುತ್ತ. "ತಜ್ಞರು ನೀವು."

ಮನುಷ್ಯ ತನ್ನ ಬಿರುದಿಗೆ ಸಿಕ್ಕಿಬೀಳುವುದು ಇಂಥ ಹೊತ್ತಿನಲ್ಲೇ. ದೌಲತರಾಯರು ಎದ್ದು ನಿಂತರು.

"ಅದ್ರಾಗೇನದ ಹೇಳೂದು! ಭಾರ ಅಂದ್ರ ಭಾರ, ಲೋಹ ಅಂದ್ರ ಲೋಹ! ಭಾರಾದ ಕಬ್ಬಿಣ ಇಡಬ್ಯಾಡ್ರಿ ಅಂತ ಬರದಾರ. ಅವರಪ್ಪನ ನೆಲ ಕುಸೀತದಂತ!"

ತೊಟ್ಟಿಯ ಕಡೆಯಿಂದ ಚಾಂದಪಾಶಾ ಅಂದ: "ಸಾವಕಾರ್ರೀ, ಅದು ಹಂಗಲ್ರಿ. ಅದು ನೀರಾಗಿನ..."

"ಬಾಯಿ ಮುಚ್ಚು! ನಿನ್ನ ಹ್ಯಾಂಡಲ್ ನೋಡ್ಕೊ! ಸರ್ಕಾರದ ಕಾಗದಕ್ಕ ಇವನ ನಡುಬಾಯಿ ಬೇರೆ!"

ಚಾಂದಪಾಶಾ ಬಾಯಿ ಮುಚ್ಚಿದ. ಹನ್ನೆರಡು ವರ್ಷದಿಂದ ಅವನಿಗೆ ಅದು ರೂಢಿಯಾಗಿತ್ತು.

ಮರುದಿನದಿಂದ ಭಾರಲೋಹ ನಿರ್ಮೂಲನೆ ಶುರುವಾಯಿತು. ಯಾವುದು ಭಾರ, ಯಾವುದು ಹಗುರ ಎಂಬ ಪ್ರಶ್ನೆಗೆ ದೌಲತರಾಯರು ತಾವೇ ಒಂದು ಶಾಸ್ತ್ರ ಮಾಡಿದರು. ಬಲಗೈಯೊಂದರಿಂದಲೇ ಎತ್ತಲಾಗದ್ದು ಭಾರ. ಅವರ ಬಲಗೈ ಹಿಂದಿನ ವರ್ಷ ಜಾರಿಬಿದ್ದು ಉಳುಕಿತ್ತಾದ್ದರಿಂದ ಕಾರ್ಖಾನೆಯಲ್ಲಿ ಹಗುರವಾದದ್ದು ಬಹಳ ಉಳಿಯಲಿಲ್ಲ. ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು ಹೊರಗೆ ಬಂತು. ಕಬ್ಬಿಣ ಬಿಗಿದು ಹಿಡಿಯುವ ವೈಸು ಹೊರಗೆ ಬಂತು. ಅವರ ತಂದೆಯ ಕಾಲದ ಆಯಿಲ್ ಇಂಜಿನ್ನಿನ ಗಾಲಿ ಆರು ಮಂದಿ ಹಮಾಲರ ಹೆಗಲೇರಿ ಹೊರಗೆ ಬಂದು, ಓಣಿಯ ನಡುವೆ ಒಬ್ಬಂಟಿಯಾಗಿ ಕೂತಿತು. ಆ ಗಾಲಿ ಸುತ್ತಿಕೊಂಡು ಹೋಗಲಾಗದೆ ಒಂದು ಮದುವೆ ಮೆರವಣಿಗೆ ಹಿಂದಕ್ಕೆ ತಿರುಗಿತು.

ಅಷ್ಟಕ್ಕೆ ನಿಲ್ಲಬಹುದಿತ್ತು. ಆದರೆ ಪೀರಪ್ಪನಿಗೆ ಕಾನೂನಿನ ಅನುಮಾನವೊಂದು ಹುಟ್ಟಿತು.

"ಕಾರ್ಖಾನೆ ಎಲ್ಲಿಗೆ ಮುಗೀತು, ನಿಮ್ಮ ಮನಿ ಎಲ್ಲಿಂದ ಸುರು ಆತು, ಹೇಳ್ರಿ ನೋಡೂಣು. ಗ್ವಾಡಿ ಒಂದೇ, ಮೀಟರ್ ಒಂದೇ. ಸರ್ಕಾರದ ಕಣ್ಣಾಗ ಎರಡೂ ಒಂದೇ ಆವರಣ!"

ದೌಲತರಾಯರು ಮನೆಯೊಳಗೆ ನುಗ್ಗಿದರು. ಸುಭದ್ರಾಬಾಯಿ ತವರು ಮನೆಯವರು ಕೊಟ್ಟ ತಾಮ್ರದ ಹಂಡೆಗೆ ಬೆನ್ನು ಹಚ್ಚಿ ನಿಂತರು.

"ಈ ಹಂಡೇಕ್ ಕೈ ಹಚ್ಚಿದ್ರ ನೋಡ್ರಿ!"

"ಎತ್ತಿ ತೋರಿಸು! ಒಂದ್ ಕೈಲೇ ಎತ್ತಿದ್ರ ಇಟ್ಕೊ!"

"ನಿಮ್ಮನ್ನ ಎತ್ತಾಕಾಗಂಗಿಲ್ಲ, ನಿಮ್ಮನ್ನೂ ಓಣ್ಯಾಗ ಇಡ್ಲೇನು?"

ವಾದದಲ್ಲಿ ಗೆದ್ದವರು ಸುಭದ್ರಾಬಾಯಿ. ಆದರೆ ಹೊರಗೆ ಹೋದದ್ದು ಹಂಡೆ. ಹಿಂದೆಯೇ ಮದುವೆಯ ಟ್ರಂಕು, ಕಬ್ಬಿಣದ ಮಂಚ, ರೊಟ್ಟಿ ಸುಡುವ ಹಂಚು. ಅದನ್ನು ಸುಭದ್ರಾಬಾಯಿಯ ತವರೂರು ಜಿಡಗಾಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ಯಾರೋ ನೋಡಿದರು. ಸಂಜೆಯೊಳಗೆ ಜಿಡಗಾದಲ್ಲಿ ಸುದ್ದಿಯಾಯಿತು, ಸುಭದ್ರಾಬಾಯಿಯ ಸಂಸಾರ ಬೀದಿಗೆ ಬಂತು ಎಂದು. ಸುದ್ದಿ ಸುಳ್ಳೆಂದು ಹೇಳುವಂತೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವರ ಅಣ್ಣ ಹಣಮಂತರಾಯ ಟ್ರ್ಯಾಕ್ಟರಿನಲ್ಲಿ ನಾಲ್ಕು ಮಂದಿಯನ್ನು ಹೇರಿಕೊಂಡು ಬಂದ. ಇಳಿಯುವ ಮೊದಲೇ ತೋಳು ಏರಿಸಿದ್ದ.

"ನಮ್ಮ ತಂಗೀನ ಬೀದಿಗಿ ಹಾಕೀರಂತ?"

"ತಂಗೀನಲ್ಲಲೇ, ಹಂಡೇನ!"

"ಹಂಡೆ ಕೊಟ್ಟವರು ನಾವು!"

"ತಂಗೀನ ಕೊಟ್ಟವರೂ ನೀವೇ. ಅದ್ರ ಸಿಟ್ಟು ನನಗ ಮೊದಲೇ ಅದ!"

ಕೈಕೈ ಹತ್ತುವುದೊಂದು ಬಾಕಿ. ಕೊನೆಗೆ ಹಣಮಂತರಾಯ ಹಂಡೆ ಮತ್ತು ಟ್ರಂಕನ್ನು ಟ್ರ್ಯಾಕ್ಟರಿಗೆ ಹಾಕಿಸಿ, "ನಡಿಯವ್ವಾ ಸುಭದ್ರಾ," ಎಂದ. ಸುಭದ್ರಾಬಾಯಿ ಕಟ್ಟೆ ಬಿಟ್ಟು ಏಳಲಿಲ್ಲ.

"ನಾ ಬರಂಗಿಲ್ಲಣ್ಣಾ. ಆ ಗುಲಬರ್ಗಾ ಸಾಹೇಬ ಬಂದು ಇವರಿಗಿ ಬೈಯೂದು ಅದ. ಅದನ್ನ ನಾ ಕಣ್ಣಾರೆ ನೋಡಬೇಕು."

ಮೂವತ್ತನೆಯ ದಿನ ಸಾಹೇಬರು ಬಂದರು. ಮೈಸೂರು ಕಡೆಯ ಹುಡುಗ; ನೌಕರಿಗೆ ಸೇರಿ ವರ್ಷವೂ ಆಗಿರಲಿಲ್ಲ. ಕೈಯಲ್ಲಿ ಗಾಜಿನ ಬಾಟಲಿಗಳ ಪೆಟ್ಟಿಗೆ. ಓಣಿಯಲ್ಲಿದ್ದ ಕಬ್ಬಿಣದ ಗುಡ್ಡವನ್ನು ಹತ್ತಿ ಇಳಿದು ಬರುವಷ್ಟರಲ್ಲಿ ಪ್ಯಾಂಟಿನ ಮೊಣಕಾಲು ಹರಿದಿತ್ತು.

"ಸ್ವಾಮಿ, ಕಾರ್ಖಾನೆ ಖಾಲಿ ಮಾಡ್ತಿದ್ದೀರಾ?"

"ಖಾಲಿ ಆಗೇದ್ರಿ! ಒಂದ್ ತೊಲಿ ಭಾರಲೋಹ ಉಳಿದಿಲ್ಲ. ಹುಡುಕ್ರಿ! ಗ್ವಾಡಿ ಮಾಡದಾಗ ನೋಡ್ರಿ, ಮೂಲ್ಯಾಗ ನೋಡ್ರಿ! ನಮ್ಮ ಹಂಡೆ ಸುದ್ದಾ ಜಿಡಗಾಕ ಹೋಗ್ಯದ!"

ಸಾಹೇಬರಿಗೆ ಹಂಡೆಯ ವಿಚಾರ ತಿಳಿಯಲಿಲ್ಲ. ಆಮೇಲೆ ನೇರವಾಗಿ ಶೆಡ್ಡಿನ ಹಿಂದೆ ಹೋದರು. ಅಲ್ಲಿ ತೊಟ್ಟಿ ತೊಳೆದ ನೀರು ಮೋರಿಯಲ್ಲಿ ಹರಿಯುತ್ತಿತ್ತು. ಅರಿಶಿಣ ಕಲಸಿದಂತೆ ಹಳದಿ. ಸಾಹೇಬರು ಬಾಗಿ ಒಂದು ಬಾಟಲಿ ತುಂಬಿಕೊಂಡು, ಅದಕ್ಕೆ ಎಂಥದೋ ಔಷಧಿಯ ಹನಿ ಬಿಟ್ಟರು. ಹಳದಿ ನೀರು ನೋಡನೋಡುತ್ತ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು.

"ಭಾರಲೋಹ ಇದರಲ್ಲಿದೆ," ಎಂದರು.

ನೆರೆದ ಓಣಿಯೆಲ್ಲ ಮೋರಿಯೊಳಗೆ ಇಣುಕಿತು. ದೌಲತರಾಯರು ಅಂಗಿಯ ತೋಳು ಮಡಚಿದರು.

"ಕೈ ಹಾಕಬ್ಯಾಡ್ರಿ ಸಾವಕಾರ!" ಎಂದು ಚಾಂದಪಾಶಾ ಕೂಗುವಷ್ಟರಲ್ಲಿ ಅವರು ಮೊಣಕೈವರೆಗೂ ಕೈ ಅದ್ದಿ, ಮೋರಿಯ ತಳವನ್ನೆಲ್ಲ ತಡಕಾಡಿ ಎದ್ದರು.

"ಎಲ್ಲಿ ಅದ? ಒಂದ್ ಮೊಳಿ ಸುದ್ದಾ ಇಲ್ಲ!"

"ಕರಗಿದೆ ಸ್ವಾಮಿ. ಕಣ್ಣಿಗೆ ಕಾಣಲ್ಲ."

"ಕಣ್ಣಿಗಿ ಕಾಣಂಗಿಲ್ಲ, ಕೈಗಿ ಹತ್ತಂಗಿಲ್ಲ, ನೀರಿನ ಕೂಡ ಹರದು ಹೋಗ್ತದ, ಆದ್ರ ಭಾರ! ಇಂಥಾ ಭಾರ ನಾ ನನ್ನ ಹೆಣ್ತಿ ಅಣ್ಣನ ಮಾತಿನಾಗ ಬಿಟ್ರ ಎಲ್ಲೂ ನೋಡಿಲ್ರಿ!"

ಓಣಿ ನಕ್ಕಿತು. ನಗದೆ ಇದ್ದವಳು ಒಬ್ಬಳೇ, ಸುಲ್ತಾನಬಿ. ಕಾರ್ಖಾನೆಯ ಹಿಂದಿನ ಗೋಡೆಗೇ ಅವಳ ಅಂಗಳ. ಆ ಅಂಗಳದಲ್ಲಿ ಅವಳ ಮಾವನ ಕಾಲದ ಬಾವಿ. ಸುತ್ತಲಿನ ಐದು ಮನೆಗಳು ಅದರ ನೀರನ್ನೇ ಕುಡಿಯುತ್ತಿದ್ದವು. ಅವಳು ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಕೈಯಲ್ಲಿ ತುಂಬಿದ ಬಕೀಟು. ಅದನ್ನು ದೌಲತರಾಯರ ಪಾದದ ಮೇಲೆ ಸುರಿದಳು. ಬಿಳಿ ಧೋತರ ಮೊಣಕಾಲಿನವರೆಗೆ ಹಳದಿಯಾಯಿತು.

"ಇದು ನಿಮ್ಮ ಮಾಲು," ಎಂದಳು. "ನನ್ನ ಬಾವ್ಯಾಗ ಬಿದ್ದಿತ್ತು. ತಗೋರಿ."

"ಏ ಸುಲ್ತಾನಬಿ! ಧೋತ್ರ..."

"ಧೋತ್ರ ಒಗದ್ರ ಹೋಗ್ತದ! ಆರು ತಿಂಗಳಾತು ನಿಮಗ ಹೇಳಾಕತ್ತಿ. ಮೊದಲ ಮಣ್ಣಿನ ಗುಣ ಅಂದ್ರಿ. ಆಮ್ಯಾಲ ಯಾರೋ ಅರಿಶಿಣ ಚೆಲ್ಯಾರ ಅಂದ್ರಿ. ಕಡೀಕ ನನ್ನ ಕಣ್ಣಿಗೇ ಕಾಮಾಲಿ ಆಗ್ಯದ ಅಂದ್ರಿ! ಹಕೀಮರ ಕಡೆ ಹೋಗಿ ಕಣ್ಣು ತೋರಿಸ್ಕೊಂಡು ಬಂದೆ ನಾ, ಹುಚ್ಚಿ! ಕಣ್ಣು ಸಾಫ್ ಅದಾವ. ಈಗ ನನ್ನ ಮೇಕಿ ಸುದ್ದಾ ಆ ನೀರು ಮೂಸಿ ಹಿಂದ ಸರೀತದ. ಮೇಕಿಗಿರೋ ಬುದ್ಧಿ ನಿಮಗಿಲ್ಲ!"

ಸಾಹೇಬರು ನಡುವೆ ಬಂದರು. "ಅಮ್ಮಾ, ಸಮಾಧಾನ. ಇದಕ್ಕೆ ವಿದ್ಯುತ್ ಸಂಸ್ಕರಣೆ ಆಗಬೇಕು. ನೋಟೀಸಿನಲ್ಲಿ ಬರೆದಿದ್ದೀವಲ್ಲ."

"ಸಂಸ್ಕಾರಾ?" ದೌಲತರಾಯರಿಗೆ ಹಿಡಿಯಲು ಒಂದು ಕೊಂಬೆ ಸಿಕ್ಕಿತು. "ಕೇಳ್ರಪಾ ಎಲ್ಲಾರೂ! ನೀರಿಗಿ ಸಂಸ್ಕಾರ ಮಾಡ್ರಿ ಅಂತಾರ! ಯಾಕ್ರಿ, ನೀರೇನ್ ಸತ್ತದೇನು?"

"ಸತ್ತದ," ಎಂದಳು ಸುಲ್ತಾನಬಿ. "ನನ್ನ ಬಾವ್ಯಾಗ ಸತ್ತದ. ಕೊಂದವರು ನೀವು."

ಈ ಸಲ ಓಣಿ ನಗಲಿಲ್ಲ. ಪೀರಪ್ಪನಂತೂ ಚಷ್ಮಾ ತೆಗೆದು, ಮೋಡ ನೋಡುವವನಂತೆ ಮೇಲೆ ನೋಡುತ್ತ ನಿಂತ. ಸಾಹೇಬರು ಹದಿನೈದು ದಿನ ವಾಯಿದೆ ಕೊಟ್ಟು, ಅದರ ನಂತರ ಕರೆಂಟು ಕಡಿಯುವುದು ನಿಶ್ಚಿತವೆಂದು ಬರೆದು, ಸಹಿ ಮಾಡಿ, ಕಬ್ಬಿಣದ ಗುಡ್ಡ ಹತ್ತಿಳಿದು ಹೋದರು.

ದೌಲತರಾಯರು ಶೆಡ್ಡಿನೊಳಗೆ ಬಂದು ಸಿಕ್ಕಿದ್ದಕ್ಕೆಲ್ಲ ಬೈದರು. ಸರ್ಕಾರಕ್ಕೆ ಬೈದರು, ಪೀರಪ್ಪನ ಚಷ್ಮಾಕ್ಕೆ ಬೈದರು, ಮೇಕೆಗೂ ಬೈದರು. ಬೈಗುಳ ಖಾಲಿಯಾಗುವ ಹೊತ್ತಿಗೆ ಎದುರಿಗೆ ಕಂಡವನು ಚಾಂದಪಾಶಾ.

"ನೀನರ ಒಂದ್ ಮಾತ ಹೇಳಬಾರದೇನಲೇ?"

ಚಾಂದಪಾಶಾನ ಕೈಯಲ್ಲಿ ಆಗಷ್ಟೇ ಹೊಳಪು ಬಂದ ಹ್ಯಾಂಡಲ್ಲಿತ್ತು. ಅವನು ಅದನ್ನು ಕೈಬಿಟ್ಟ. ಫರಸಿ ಕಲ್ಲಿನ ಮೇಲೆ ಬಿದ್ದ ಹ್ಯಾಂಡಲ್ಲಿನ ಸದ್ದು ಓಣಿಯ ಆಚೆಗೂ ಕೇಳಿತು.

"ಹೇಳಾಕ ಬಾಯಿ ತೆಗದಾಗೆಲ್ಲಾ 'ಬಾಯಿ ಮುಚ್ಚು' ಅಂದವರು ಯಾರು?" ಎಂದ. ಅವನ ದನಿ ಅಷ್ಟು ದೊಡ್ಡದಿದೆಯೆಂದು ಯಾರಿಗೂ ಗೊತ್ತಿರಲಿಲ್ಲ, ಅವನಿಗೂ ಸಹ. "ಹನ್ನೆರಡು ವರ್ಷ! ಬರೀ ಬಾಯಿ ಮುಚ್ಚು, ಬಾಯಿ ಮುಚ್ಚು! ಈಗ ಹೇಳ್ತೇನಿ, ನೀವು ಮುಚ್ರಿ!"

ಅವನು ಎರಡೂ ಕೈ ಮುಂದೆ ಚಾಚಿದ. ಬೆರಳಿನ ಗೆಣ್ಣುಗಳ ಮೇಲೆ ಜೋಳದ ಕಾಳು ಹಿಡಿಯುವಷ್ಟು ದುಂಡನೆಯ ಕುಳಿಗಳು.

"ಇವು ಏನಂದ್ಕೊಂಡೀರಿ? ಕೇಳಿದಾಗ ಸುಣ್ಣ ತಿಂದದ ಅಂದ್ರಿ. ಸುಣ್ಣ ಅಲ್ರಿ, ಈ ಹಳದಿ ನೀರು ತಿಂದದ. ಇದೇ ನೀರು ಆ ಬಾವಿಗಿ ಇಳದದ. ಆ ಬಾವಿ ನೀರು ಯಾರ್ ಸೇದ್ತಾರ ಗೊತ್ತದೇನು? ಐದು ಮನ್ಯಾಗ ಒಂದು ನಂದೇ. ನನ್ನ ಹೆಣ್ತಿ ಮದೀನಾಬಿ ಸೇದ್ತಾಳ. ನಾ ಇಲ್ಲಿ ಕೈಲೇ ಚೆಲ್ಲಿದ್ದು ಅಕಿ ಅಲ್ಲಿ ಕೊಡದಾಗ ತುಂಬ್ಕೊಂಡು ಹೋಗ್ಯಾಳ!"

ದೌಲತರಾಯರು ಆ ಕೈಗಳನ್ನು ನೋಡಿದರು. ಹನ್ನೆರಡು ವರ್ಷ ಆ ಕೈಯಿಂದಲೇ ಹ್ಯಾಂಡಲ್ಲು ಇಸಿದುಕೊಂಡು ಟಣ್ ಎನ್ನಿಸಿದ್ದರು, ಕೈ ನೋಡಿರಲಿಲ್ಲ. ಬೈಯಲು ಏನೂ ಸಿಗದೆ ಒಮ್ಮೆ ಕೆಮ್ಮಿದರು. ಆಮೇಲೆ, "ಹಂಗಾರ ಏನ್ ಮಾಡೂಣು?" ಎಂದರು.

ಚಾಂದಪಾಶಾ ಹೇಳಿದ. ಹ್ಯಾಂಡಲ್ಲಿಗೆ ಕ್ರೋಮು ಹತ್ತಿಸುವುದು ಕರೆಂಟೇ. ನೀರಿನಲ್ಲಿ ಉಳಿದ ಕ್ರೋಮನ್ನು ಹೊರಗೆ ಎಳೆಯುವುದೂ ಕರೆಂಟೇ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಳದಿ ನೀರು ತುಂಬಿ, ಎರಡು ಕಬ್ಬಿಣದ ತಗಡು ಇಳಿಬಿಟ್ಟು, ಒಂದಕ್ಕೆ ಕರೆಂಟಿನ ಪೆಟ್ಟಿಗೆಯ ಪ್ಲಸ್ಸು, ಇನ್ನೊಂದಕ್ಕೆ ಮೈನಸ್ಸು ಕೊಡಬೇಕು. ಪ್ಲಸ್ಸಿನ ತಗಡು ಸಾವಕಾಶವಾಗಿ ಕರಗುತ್ತದೆ. ಕರಗಿದ ಕಬ್ಬಿಣ ನೀರಿನ ಕ್ರೋಮಿನ ವಿಷ ಮುರಿದು, ಅದನ್ನು ಕಟ್ಟಿಕೊಂಡು, ಕೆಸರಾಗಿ ತಳಕ್ಕೆ ಕೂರುತ್ತದೆ. ಮೇಲೆ ತಿಳಿನೀರು. ಸೊಲ್ಲಾಪುರದಲ್ಲಿ ಅವನು ಇದನ್ನು ಕೈಯಾರೆ ಮಾಡಿದ್ದ.

"ತಗಡು ಎಲ್ಲಿಂದ ತರೂದು?" ಎಂದರು ದೌಲತರಾಯರು. ಓಣಿಯ ಗುಡ್ಡದಲ್ಲಿ ಗಾಲಿಯಿತ್ತು, ಅಡಿಗಲ್ಲಿತ್ತು. ತಗಡು ಮಾತ್ರ ಇರಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ಸುಭದ್ರಾಬಾಯಿ ಮೇಲಕ್ಕೆ ಬೆರಳು ಮಾಡಿದರು. "ಇಲ್ಲೊಂದು ಸುಮ್ಮನ ನೇತಾಡಾಕತ್ತದ ನೋಡ್ರಿ."

"ಅದು ನನ್ನ ಬೋರ್ಡು!"

"ಹೌದ್ರಿ. ಕಬ್ಬಿಣದ್ದು."

ಚಾಂದಪಾಶಾ ಬೋರ್ಡು ಇಳಿಸಿ, ನಡುವೆ ಕತ್ತರಿಸಿ, ಬಣ್ಣ ಕೆರೆದ. ಒಂದು ತುಂಡಿನ ಮೇಲೆ "ಲೋಹ" ಎಂಬ ನೆರಳು ಉಳಿಯಿತು, ಇನ್ನೊಂದರ ಮೇಲೆ "ತಜ್ಞ". "ತಜ್ಞ"ನಿಗೆ ಅವನು ಪ್ಲಸ್ಸು ಕೊಟ್ಟ. ಸುಭದ್ರಾಬಾಯಿ ದಿನಾ ಬೆಳಿಗ್ಗೆ ಬಂದು, ಎಷ್ಟು ಕರಗಿದೆ ಎಂದು ಬಹಳ ಆಸ್ಥೆಯಿಂದ ನೋಡಿಕೊಂಡು ಹೋಗುತ್ತಿದ್ದರು.

ನೀರಿಗೆ ಕರೆಂಟು ಬಿಟ್ಟಿದ್ದಾರೆ ಎಂಬ ಮಾತು ಓಣಿಯಲ್ಲಿ ಹಬ್ಬಿದಾಗ ಮತ್ತೊಂದು ರಂಪವಾಯಿತು. ಮೋರಿ ದಾಟುವವರೆಲ್ಲ ಲಾಂಗ್ ಜಂಪ್ ಹೊಡೆಯತೊಡಗಿದರು. ಪೀರಪ್ಪ ರಬ್ಬರಿನ ಚಪ್ಪಲಿ ಹಾಕಿಕೊಂಡು ಮಲಗಲು ಶುರುಮಾಡಿದ. ಅಷ್ಟೇ ಅಲ್ಲ, "ನೀರಿಗೆ ಅನಧಿಕೃತವಾಗಿ ವಿದ್ಯುತ್ ಸಂಪರ್ಕ ನೀಡಲಾಗಿದೆ" ಎಂದು ಅರ್ಜಿಯನ್ನೂ ಬರೆದ. ಅರ್ಜಿ ಓದಿ ಲೈನ್‌ಮನ್ ಬಂದ.

"ಮೋರಿಗಿ ಕನೆಕ್ಷನ್ ಕೊಟ್ಟವರು ಯಾರು? ಮೋರಿ ಹೆಸರೀಲೆ ಮೀಟರ್ ಅದ ಏನು?"

ದೌಲತರಾಯರು ಅವನನ್ನು ಕಂಬದವರೆಗೂ ಅಟ್ಟಿಸಿಕೊಂಡು ಹೋದರು. ಸಿಟ್ಟಿನಲ್ಲಿ ಲೈನ್‌ಮನ್ ಕಂಬ ಹತ್ತಿ ಫ್ಯೂಜು ಕಿತ್ತ; ಒಂದು ದಿನವೆಲ್ಲ ನೀರು ಹಳದಿಯಾಗಿಯೇ ಉಳಿಯಿತು. ಮರುದಿನ ಕಂಬದ ಕೆಳಗೆ ನಿಂತು ಅವನಿಗೆ ತಪ್ಪಾಯಿತೆಂದು ಹೇಳಿದ್ದು ಚಾಂದಪಾಶಾ. ತಪ್ಪು ಮಾಡಿದವರು ಹಿಂದೆ ನಿಂತು ಹಲ್ಲು ಕಡಿಯುತ್ತಿದ್ದರು.

ಆದರೂ ನೀರು ಬದಲಾಯಿತು. ಹಳದಿ ಹೋಗಿ ಹಸಿರಾಯಿತು, ಹಸಿರು ಹೋಗಿ ರಾಡಿಯಾಯಿತು, ರಾಡಿ ಒಂದು ದಿನ ಕೂತಿದ್ದಕ್ಕೆ ಮೇಲೆ ತಿಳಿಯಾದ ನೀರು, ತಳದಲ್ಲಿ ಕಂದುಹಸಿರು ಕೆಸರು ನಿಂತಿತು. ಹನ್ನೊಂದನೇ ದಿನ "ತಜ್ಞ" ಪೂರ್ತಿ ಕರಗಿಹೋದ. "ಲೋಹ"ವನ್ನು ಪ್ಲಸ್ಸಿಗೆ ಬದಲಾಯಿಸಿ, ಹಳೆಯ ಡಬ್ಬಿಯ ತಗಡನ್ನು ಮೈನಸ್ಸಿಗೆ ಹಾಕಿದರು.

ಹದಿನೈದನೇ ದಿನ ಸಾಹೇಬರು ಬಂದು, ಬಾಟಲಿ ತುಂಬಿ, ಔಷಧಿಯ ಹನಿ ಬಿಟ್ಟರು. ಬಣ್ಣ ಬರಲಿಲ್ಲ. ಇನ್ನೊಂದು ಹನಿ. ಬರಲಿಲ್ಲ.

"ಪರವಾಗಿಲ್ಲ," ಎಂದರು.

"ಪರವಾಗಿಲ್ಲ ಅಂದ್ರೇನ್ರಿ? ಛಲೋ ಆಗ್ಯದ ಅನ್ರಿ! ನನ್ನ ಬೋರ್ಡು ತಿಂದದ ಅದು!"

"ಚೆನ್ನಾಗಿದೆ ಸ್ವಾಮಿ. ಆದರೆ ಈ ಕೆಸರು? ಭಾರಲೋಹ ಎಲ್ಲ ಈಗ ಇದರಲ್ಲಿದೆ. ಇದನ್ನ ಎಲ್ಲೂ ಚೆಲ್ಲಬಾರದು. ಆಫೀಸಿಗೆ ಬನ್ನಿ, ಹೇಳ್ತೀವಿ."

ದೌಲತರಾಯರು ಮರುದಿನವೇ ಆಫೀಸಿಗೆ ಹೋದರು, ಕೆಸರಿನ ಸಮೇತ. ಚಾಂದಪಾಶಾ ಎಷ್ಟು ಬೇಡವೆಂದರೂ ಕೇಳಲಿಲ್ಲ. ಕೊನೆಗೆ ಅವನೇ ಕೆಸರನ್ನು ದೊಡ್ಡ ತುಪ್ಪದ ಡಬ್ಬಿಯಲ್ಲಿ ತುಂಬಿ, ಮುಚ್ಚಳಕ್ಕೆ ಸುತ್ತಲೂ ಬೆಸುಗೆ ಹಾಕಿ ಕೊಟ್ಟ. ಬಸ್ಸಿನಲ್ಲಿ ಪಕ್ಕದ ಮುದುಕ ಡಬ್ಬಿಯನ್ನು ಪ್ರೀತಿಯಿಂದ ತಟ್ಟಿದ.

"ತುಪ್ಪೇನ್ರಿ? ಎಮ್ಮೀದೋ ಆಕಳದೋ?"

"ವಿಷ!"

"ಹಾಂ?"

"ವಿಷಾ! ಐದು ಮನಿ ಕುಡಿಯೂ ವಿಷ! ಮೂಸ್ತೀಯೇನು?"

ಕಂಡಕ್ಟರ್ ಸೀಟಿ ಊದಿದ. ವಿಷದ ಡಬ್ಬಿಗೆ ಲಗೇಜು ಹಚ್ಚಬೇಕೋ, ಡಬ್ಬಿ ತಂದವರನ್ನು ಇಳಿಸಬೇಕೋ ಎಂಬ ಚರ್ಚೆಯಲ್ಲಿ ಇಡೀ ಬಸ್ಸು ಭಾಗವಹಿಸಿತು. ಗುಲಬರ್ಗಾ ತಲುಪುವವರೆಗೂ ದೌಲತರಾಯರ ಸುತ್ತಲಿನ ಮೂರು ಸೀಟುಗಳಲ್ಲಿ ಯಾರೂ ಕೂರಲಿಲ್ಲ.

ಆಫೀಸಿನಲ್ಲಿ ಅವರು ಡಬ್ಬಿಯನ್ನು ಮೊದಲ ಮೇಜಿನ ಮೇಲೆ ಕುಕ್ಕಿದರು. ಮೊದಲ ಮೇಜಿನವರು ಎರಡನೇ ಮೇಜು ತೋರಿಸಿದರು. ಎರಡನೇ ಮೇಜಿನವರು ಅದು ಒಳಬರುವ ಟಪಾಲೋ ಹೊರಹೋಗುವ ಟಪಾಲೋ ಎಂದು ಕೇಳಿದರು. ಮೂರನೇ ಮೇಜಿನಲ್ಲಿ ನಮ್ಮ ಸಾಹೇಬರೇ ಇದ್ದರು. ಡಬ್ಬಿ ಕಂಡವರೇ ಕುರ್ಚಿ ಬಿಟ್ಟು ಎದ್ದರು.

"ಇದನ್ಯಾಕೆ ತಂದ್ರಿ?"

"ತೆಗೀರಿ ಅಂದ್ರಿ, ತೆಗದೀನಿ. ಎಣಿಸ್ಕೋರಿ ನಿಮ್ಮ ಭಾರಲೋಹ!"

"ತೆಗೀರಿ ಅಂದ್ವಿ. ತನ್ನಿ ಅನ್ನಲಿಲ್ಲ. ಇದನ್ನ ಇಟ್ಕೊಳ್ಳೋಕೆ ನಮ್ಮಲ್ಲಿ ಜಾಗ ಇಲ್ಲ ಸ್ವಾಮಿ."

"ನೀರಾಗ ಬಿ‍ಡಬ್ಯಾಡ ಅಂತೀರಿ, ಬಿಡ್ಲಿಲ್ಲ! ನೆಲದಾಗ ಹೂಳಬ್ಯಾಡ ಅಂತೀರಿ, ಹೂಳ್ಲಿಲ್ಲ! ನಿಮ್ಮ ಕಡೆ ತಂದ್ರ ತಗೊಳ್ಳಂಗಿಲ್ಲ! ಹಂಗಾರ ನಾ ಇದನ್ನ ತಲಿ ಮ್ಯಾಲ ಹೊತ್ಕೊಂಡು ತಿರಗ್ಲೇನು?"

ಸಾಹೇಬರು ಪ್ರಾಮಾಣಿಕವಾಗಿ ಯೋಚಿಸಿದರು. "ಸದ್ಯಕ್ಕೆ ಹಾಗೇ ಆಗುತ್ತೆ," ಎಂದರು.

ಆದರೆ ಹುಡುಗ ಒಳ್ಳೆಯವನು. ಒಂದು ಹಾಳೆ ಎಳೆದುಕೊಂಡು, ಸಿಮೆಂಟಿನ ತೊಟ್ಟಿಯ ನಕ್ಷೆ ಬರೆದುಕೊಟ್ಟ: ಗೋಡೆ ಇಷ್ಟು ದಪ್ಪ, ತಳಕ್ಕೆ ಎರಡು ಸಲ ಸಿಮೆಂಟಿನ ಗಿಲಾವು, ಮೇಲೆ ಚಾವಣಿ, ಮಳೆಯ ಹನಿ ಒಳಗೆ ಬೀಳಕೂಡದು, ಕೆಸರು ಹೊರಗೆ ಬರಕೂಡದು. ಎಷ್ಟು ದಿನ ಇಡಬೇಕು ಎಂದು ಕೇಳಿದ್ದಕ್ಕೆ, "ಲೋಹ ಸ್ವಾಮಿ, ಅದು ಕೊಳೆಯಲ್ಲ," ಎಂದ. ದೌಲತರಾಯರು ಡಬ್ಬಿ ಹೊತ್ತುಕೊಂಡು ಮರಳಿದರು. ತಮ್ಮದೇ ಹಿತ್ತಲಿನಲ್ಲಿ ಗೌಂಡಿಗೆ ಬೈಯುತ್ತ ತೊಟ್ಟಿ ಕಟ್ಟಿಸಿದರು. ಸುಭದ್ರಾಬಾಯಿ ತುಳಸಿ ಕಟ್ಟೆಯನ್ನು ಆ ಮೂಲೆಯಿಂದ ಈ ಮೂಲೆಗೆ ಸರಿಸಿಕೊಂಡರು.

ತೊಟ್ಟಿಗೆ ಚಾವಣಿ ಬಿದ್ದ ದಿನ ದೌಲತರಾಯರು ಹೊಸ ಧೋತರ ಉಟ್ಟು, ಸುಲ್ತಾನಬಿಯ ಬಾಗಿಲಿಗೆ ಹೋದರು. ಹಿಂದೆ ಚಾಂದಪಾಶಾ, ಅವನ ಹಿಂದೆ, ಏನಾಗುತ್ತದೆ ನೋಡೋಣವೆಂದು ಓಣಿ.

"ಮೋರಿ ನೋಡಿದ್ಯಾ? ಮುಖಾ ಕಾಣ್ತದ ಅದರಾಗ! ಸರ್ಕಾರ ಪಾಸ್ ಮಾಡೇದ!"

ಸುಲ್ತಾನಬಿ ಬಾವಿಗೆ ಬಕೀಟು ಬಿಟ್ಟು, ಸೇದಿ, ಕಟ್ಟೆಯ ಮೇಲಿಟ್ಟಳು. ನೀರು ಹಳದಿಯಾಗಿಯೇ ಇತ್ತು.

"ಮೋರಿ ಛಲೋ ಆತು," ಎಂದಳು. "ನಂದು?"

ದೌಲತರಾಯರು ಚಾಂದಪಾಶಾನ ಕಡೆ ತಿರುಗಿದರು. ಅವನು ತಲೆ ತಗ್ಗಿಸಿದ. "ಹೊಸಾದು ಇಳಿಯೂದು ನಿಂತದ ಸುಲ್ತಾನಾ ಆಪಾ. ಇಳದದ್ದು ನೆಲದಾಗ ಅದ. ಸೇದಿ ಸೇದಿ ಡ್ರಮ್ಮಿಗಿ ಹಾಕಬೇಕು. ಮೂರ್ ಮಳಿಗಾಲ ಹೋಗ್ಬಹುದು, ನಾಕೂ ಹೋಗ್ಬಹುದು."

"ಅಲ್ಲೀತನಕ ಐದು ಮನಿ ಏನ್ ಕುಡೀಬೇಕು? ನಿಮ್ಮ ಸಾಹೇಬನ ಕಾಗದಾ?"

ಸುಲ್ತಾನಬಿ ಒಳಗೆ ಹೋಗಿ ಎರಡು ಕೊಡ ತಂದು ದೌಲತರಾಯರ ಮುಂದೆ ಇಟ್ಟಳು.

"ಬಸ್ ಸ್ಟ್ಯಾಂಡಿನ ನಳ. ದಿನಾ ಬೆಳಿಗ್ಗಿ. ಐದು ಮನಿ."

"ನಾನು? ಈ ದೌಲತರಾಯ ನೀರು ಹೊರಬೇಕು?" ಕುತ್ತಿಗೆಯ ನರ ಉಬ್ಬಿತು. "ಆಳು ಕಳಸ್ತೇನಿ!"

"ಆಳಿನ ಕೈ ನೋಡೀವಲ್ಲ," ಎಂದಳು ಸುಲ್ತಾನಬಿ. "ಸಾಕು. ನೀವೇ ತರ್ರಿ."

ದೌಲತರಾಯರು ಓಣಿಯ ಕಡೆ ನೋಡಿದರು. ಪೀರಪ್ಪ ಮೋಡ ನೋಡುತ್ತಿದ್ದ. ಸುಭದ್ರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಚಾಂದಪಾಶಾ ಗೆಣ್ಣುಗಳಿಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ನಳದ ಸಾಲಿನಲ್ಲಿ ಆಳಂದದ ಹೆಂಗಸರು ಹಿಂದೆಂದೂ ಕೇಳದಂಥ ಜಗಳ ಕೇಳಿದರು. ಸರದಿ ತಪ್ಪಿಸಿದವರಿಗೆ ಬೈಗುಳ, ಸರದಿ ಬಿಟ್ಟುಕೊಟ್ಟವರಿಗೆ ಕರುಣೆ ತೋರಿಸಿದರೆಂದು ಬೈಗುಳ, ಸಣ್ಣಗೆ ಸುರಿಯುವ ನಳಕ್ಕೆ ಅದರ ವಂಶ ಸಮೇತ ಬೈಗುಳ. ಎರಡು ಕೊಡ ಹೊತ್ತು, ಧೋತರ ಒದ್ದೆ ಮಾಡಿಕೊಂಡು, ಬಸ್ಸುಗಳಿಗೆ ಬೈಯುತ್ತ, ಕಲ್ಲುಗಳಿಗೆ ಎಡವುತ್ತ ದೌಲತರಾಯರು ಓಣಿ ಮುಟ್ಟಿದಾಗ ಬಿಸಿಲು ಏರಿತ್ತು. ಕೊಡಗಳನ್ನು ಕಟ್ಟೆಯ ಮೇಲೆ ಕುಕ್ಕಿ, ಏದುಸಿರು ಬಿಡುತ್ತ ನಿಂತರು.

ಸುಲ್ತಾನಬಿ ಬಗ್ಗಿ ಕೊಡದೊಳಗೆ ನೋಡಿದಳು.

"ಅರ್ಧಾ ಚೆಲ್ಲೀರಿ," ಎಂದಳು. "ಇನ್ನೊಮ್ಮಿ ಹೋಗಿ ಬರ್ರಿ."

ದೌಲತರಾಯರು ಬಾಯಿ ತೆರೆದರು. ಓಣಿಯೆಲ್ಲ ಉಸಿರು ಹಿಡಿದು ಕಾಯಿತು. ಅವರು ಕೊಡಗಳಲ್ಲಿದ್ದ ನೀರನ್ನು ಅವಳ ಗಡಿಗೆಗೆ ಸುರಿದರು, ಒಂದು ಹನಿಯೂ ಹೊರಗೆ ಬೀಳದಂತೆ. ಆಮೇಲೆ ಖಾಲಿ ಕೊಡಗಳನ್ನು ಎತ್ತಿಕೊಂಡು, ಈ ಊರಿನಲ್ಲಿ ನಳವನ್ನು ಅಷ್ಟು ದೂರ ಇಟ್ಟವನ ಏಳು ತಲೆಮಾರಿಗೂ ಶಾಪ ಹಾಕುತ್ತ, ಮತ್ತೆ ಬಸ್ ಸ್ಟ್ಯಾಂಡಿನ ಕಡೆ ನಡೆದರು.